ಬೆನ್ ಹೋಗನ್ ಸ್ವಿಂಗ್: ಗೊತ್ತಿರುವುದು ಮತ್ತು ಬರುವುದು

ಗಾಲ್ಫ್ ಆಟದ ಅತಿ ಪ್ರಸಿದ್ಧ ಛಾಯಾಚಿತ್ರದಲ್ಲಿ ಆಟಗಾರನ ಮುಖವೇ ಕಾಣುವುದಿಲ್ಲ. 1950ರ ಜೂನ್ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾ ಹತ್ತಿರದ ಮೆರಿಯನ್ ಮೈದಾನದಲ್ಲಿ ಹೈ ಪೆಸ್ಕಿನ್ ತೆಗೆದ ಚಿತ್ರ ಅದು. ಬೆನ್ ಹೋಗನ್ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಿದ್ದಾನೆ. ಮೈಭಾರವೆಲ್ಲ ಎಡಗಾಲಿಗೆ ಸಂದಿದೆ. ಬಲ ಹಿಮ್ಮಡಿ ಮೇಲೆದ್ದು ಬೂಟಿನ ಅಡಿಯ ಮೊಳೆಗಳು ಕಾಣುತ್ತಿವೆ. ಎರಡೂ ಕೈ ಎಡಭುಜದ ಮೇಲಕ್ಕೆ ಹೋಗಿ ಕ್ಲಬ್ ತಲೆಯ ಹಿಂದೆ ಇಳಿದಿದೆ. ಎದುರಿಗೆ ದೂರದ ಗ್ರೀನ್‌ವರೆಗೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನವರೆಗೆ, ಜನ ಗೋಡೆ ಕಟ್ಟಿದಂತೆ ನಿಂತು ಒಂದೇ ಕಡೆ ನೋಡುತ್ತಿದ್ದಾರೆ. ಅವರು ನೋಡುತ್ತಿರುವ ಚೆಂಡು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಈ ಭಂಗಿಯಿಂದ ಚೆಂಡಿಗೆ ಆಗಬೇಕಾದದ್ದು ಏನೂ ಉಳಿದಿಲ್ಲ. ಗಾಲ್ಫ್ ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ಸ್ಪರ್ಶ ಇರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಹೊಡೆತದ ಅನುಭವ ಅಂಗೈಯಿಂದ ಮಿದುಳಿಗೆ ಮುಟ್ಟುವಷ್ಟರಲ್ಲಿ ಚೆಂಡು ಹಾರಿ ಹೋಗಿರುತ್ತದೆ. ಆಮೇಲೆ ಕೈ ಎಲ್ಲಿಗೆ ಹೋಯಿತು, ಕಾಲು ಹೇಗೆ ನಿಂತಿತು ಎಂಬುದು ಚೆಂಡಿಗೆ ಸಂಬಂಧವಿಲ್ಲದ ಮಾತು. ಆದರೂ ಎಪ್ಪತ್ತು ವರ್ಷಗಳಿಂದ ಜನ ಈ ಕೊನೆಯ ಭಂಗಿಯನ್ನೇ ದಿಟ್ಟಿಸಿ ನೋಡುತ್ತಾರೆ, ಕೋನ ಅಳೆಯುತ್ತಾರೆ, ಕನ್ನಡಿಯ ಮುಂದೆ ನಿಂತು ಅನುಕರಿಸುತ್ತಾರೆ. ಕಳೆದುಹೋದ ಕ್ರಿಯೆಯೊಂದರ ಗುರುತು ಮಾತ್ರ ಅಲ್ಲಿದೆ. ಅದರಿಂದ ಕ್ರಿಯೆಯನ್ನು ಮತ್ತೆ ಪಡೆಯಬಹುದೆಂದು ನಂಬಿಕೆ. ಆ ನಂಬಿಕೆಯ ಹಿಂದೆ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದಿದೆ: ನುರಿತ ಕೈ ಮಾಡುವ ಕೆಲಸ ಒಂದು ಬಗೆಯ ಅರಿವೇ? ಅರಿವಾದರೆ ಅದನ್ನು ಮಾತಿನಲ್ಲಿ ಹೇಳಿ ಇನ್ನೊಬ್ಬರಿಗೆ ದಾಟಿಸಬಹುದೇ?

ಈ ಪ್ರಶ್ನೆಗೆ ಹೋಗನ್‌ನಷ್ಟು ಒದಗುವ ಉದಾಹರಣೆ ಆಟದ ಲೋಕದಲ್ಲಿ ಅಪರೂಪ. ಅವನು ಹುಟ್ಟು ಪ್ರತಿಭೆ ಎಂದು ಯಾರೂ ಹೇಳಲಿಲ್ಲ. ಟೆಕ್ಸಸ್ ರಾಜ್ಯದ ಸ್ಟೀಫನ್‌ವಿಲ್‌ನಲ್ಲಿ 1912ರಲ್ಲಿ ಹುಟ್ಟಿದವನು, ಡಬ್ಲಿನ್ ಎಂಬ ಸಣ್ಣ ಊರಲ್ಲಿ ಬೆಳೆದವನು. ತಂದೆ ಕಮ್ಮಾರ, ಹುಡುಗನಿಗೆ ಒಂಬತ್ತು ವರ್ಷವಿದ್ದಾಗ ಆತ್ಮಹತ್ಯೆ ಮಾಡಿಕೊಂಡ. ಸಂಸಾರ ಫೋರ್ಟ್ ವರ್ತ್ ನಗರದಲ್ಲಿ ನೆಲೆಸಿದ ಮೇಲೆ ಹುಡುಗ ಗ್ಲೆನ್ ಗಾರ್ಡನ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ಸಿರಿವಂತರ ಚೀಲ ಹೊತ್ತ. ಮುಂದೆ ಅವನಷ್ಟೇ ಹೆಸರು ಮಾಡಿದ ಬೈರನ್ ನೆಲ್ಸನ್ ಕೂಡ ಅಲ್ಲಿಯೇ ಚೀಲ ಹೊರುತ್ತಿದ್ದ. ಹೋಗನ್ 1930ರಲ್ಲಿ ವೃತ್ತಿಪರನಾದ. ಒಬ್ಬನೇ ಆಡಿ ಗೆದ್ದ ಮೊದಲ ದೊಡ್ಡ ಪಂದ್ಯಾವಳಿ 1940ರಲ್ಲಿ, ಪೈನ್‌ಹರ್ಸ್ಟ್‌ನಲ್ಲಿ. ನಡುವಿನ ಹತ್ತು ವರ್ಷ ಅವನನ್ನು ಕಾಡಿದ್ದು ಒಂದೇ ಒಂದು ದೋಷ.

ಆ ದೋಷಕ್ಕೆ ಹುಕ್ ಎಂದು ಹೆಸರು. ಬಲಗೈ ಆಟಗಾರ ಹೊಡೆದ ಚೆಂಡು ಗಾಳಿಯಲ್ಲಿ ಎಡಕ್ಕೆ ತಿರುಗಿ, ತಗ್ಗಾಗಿ ಇಳಿದು, ನೆಲ ಮುಟ್ಟಿದ ಮೇಲೂ ನಿಲ್ಲದೆ ಪೊದೆಗೋ ನೀರಿಗೋ ಓಡುತ್ತದೆ. ಕ್ಲಬ್ ಸಾಗುವ ದಾರಿಗಿಂತ ಅದರ ಮುಖ ತುಸು ಎಡಕ್ಕೆ ಮುಚ್ಚಿಕೊಂಡಿದ್ದರೆ ಇಷ್ಟಾಗುತ್ತದೆ. ಹೋಗನ್ ಸುಮಾರು ಐದು ಅಡಿ ಎಂಟು ಅಂಗುಲದ ಸಣ್ಣ ಆಳು. ದೂರ ಹೊಡೆಯಲು ಮಣಿಕಟ್ಟನ್ನು ಬಿರುಸಾಗಿ ತಿರುಗಿಸಬೇಕಾಗಿತ್ತು. ಆ ಬಿರುಸೇ ಕ್ಲಬ್ಬಿನ ಮುಖ ಮುಚ್ಚುತ್ತಿತ್ತು. ಅವನ ಶಕ್ತಿ ಎಲ್ಲಿತ್ತೋ ದೋಷವೂ ಅಲ್ಲೇ ಇತ್ತು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಿಸುವ ಕೆಲಸಕ್ಕೆ ಅವನು ಬೆಳಗಿನಿಂದ ಕತ್ತಲಾಗುವವರೆಗೆ ಅಭ್ಯಾಸದ ಬಯಲಿನಲ್ಲಿ ನಿಂತ. ಪಂದ್ಯ ಮುಗಿಸಿದ ಆಟಗಾರರು ಊಟಕ್ಕೆ ಹೊರಟರೆ ಅವನು ಮತ್ತೆ ಚೆಂಡು ಹೊಡೆಯಲು ಹೋಗುತ್ತಿದ್ದ. ವೃತ್ತಿಪರರು ಅಷ್ಟು ಹೊತ್ತು ಅಭ್ಯಾಸ ಮಾಡುವುದು ಆ ಕಾಲಕ್ಕೆ ವಿಚಿತ್ರವೆನಿಸಿತ್ತು.

ಹೀಗೆ ರೂಪುಗೊಂಡ ಸ್ವಿಂಗನ್ನು, ಅಂದರೆ ಕ್ಲಬ್ ಬೀಸುವ ಬಗೆಯನ್ನು, ಹತ್ತಿರದಿಂದ ನೋಡಬೇಕು. ನಿಲುವಿನಲ್ಲಿ ಬಿಗಿಯಿಲ್ಲ. ಎರಡೂ ಮೊಣಕೈ ಒಳಮುಖವಾಗಿ ಒಂದಕ್ಕೊಂದು ಕಟ್ಟಿದಂತೆ ಇರುತ್ತವೆ. ಕ್ಲಬ್ ಹಿಂದಕ್ಕೆ ಹೋಗುವಾಗ ಮೊದಲು ಕೈ, ಆಮೇಲೆ ಭುಜ, ಕೊನೆಗೆ ಸೊಂಟ ತಿರುಗುತ್ತದೆ. ಇಳಿಯುವಾಗ ಕ್ರಮ ತಲೆಕೆಳಗು: ಮೊದಲು ಸೊಂಟ. ಹಳೆಯ ಚಲನಚಿತ್ರಗಳನ್ನು ನಿಧಾನಗೊಳಿಸಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಕ್ಲಬ್ ಇನ್ನೂ ಹಿಂದಕ್ಕೆ ಸಾಗುತ್ತಿರುವಾಗಲೇ ಸೊಂಟ ಗುರಿಯ ಕಡೆ ತಿರುಗಲು ಶುರುವಾಗಿರುತ್ತದೆ. ಒಂದೇ ಮೈ ಆ ಗಳಿಗೆಯಲ್ಲಿ ಎರಡು ದಿಕ್ಕಿಗೆ ಚಲಿಸುತ್ತದೆ, ನಡುವಿನ ಸ್ನಾಯುಗಳು ಹಿಂಡಿದ ಬಟ್ಟೆಯಂತೆ ಬಿಗಿಯುತ್ತವೆ. ಆ ಬಿಗಿ ಬಿಚ್ಚುತ್ತ ಬರುವಾಗ ಕೈಗಳು ಕೆಳಗಿಳಿದರೂ ಮಣಿಕಟ್ಟಿನ ಮಡಿಕೆ ಹಾಗೆಯೇ ಉಳಿದಿರುತ್ತದೆ. ಕ್ಲಬ್ಬಿನ ತಲೆ ತೀರ ಹಿಂದೆ ಉಳಿದುಬಿಟ್ಟಿತೇನೋ ಎಂಬಷ್ಟು ತಡವಾಗಿ, ಕೊನೆಯಲ್ಲಿ ಮಾತ್ರ, ಅದು ಬೀಸಿ ಬರುತ್ತದೆ.

ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರ ತಮ್ಮ ಪುಸ್ತಕದಲ್ಲಿ ಸ್ವಿಂಗನ್ನು ಎರಡು ಸನ್ನೆಗಳ ಯಂತ್ರವಾಗಿ ವಿವರಿಸಿದರು. ಭುಜಗಳ ನಡುವೆ ಒಂದು ಕೀಲು, ಮಣಿಕಟ್ಟಿನಲ್ಲಿ ಇನ್ನೊಂದು. ಮೇಲಿನ ಸನ್ನೆ ಕೈಗಳು, ಕೆಳಗಿನದು ಕ್ಲಬ್. ಕ್ಲಬ್ ಇಳಿಯಲು ಹಿಡಿಯುವ ಸಮಯ ಕಾಲು ಸೆಕೆಂಡಿನ ಆಸುಪಾಸು. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗ ಬೇಕೇ ಬೇಕು. ಇಳಿತ ಶುರುವಾದ ಮೇಲೆ ಯೋಚಿಸಿ ತಿದ್ದಲು ಆಟಗಾರನಿಗೆ ಬಿಡುವೇ ಇಲ್ಲ ಎಂದರ್ಥ. ಹೋಗನ್ ಏನನ್ನು ತಿಳಿದಿದ್ದನೋ ಅದೆಲ್ಲ ಆ ಕಾಲು ಸೆಕೆಂಡಿಗೆ ಮೊದಲೇ ಮೈಯೊಳಗೆ ಸೇರಿರಬೇಕಿತ್ತು.

ಅವನು ತಿಳಿದದ್ದೇನು ಎಂಬುದು ಅಮೆರಿಕದಲ್ಲಿ ದೊಡ್ಡ ಕುತೂಹಲವಾಯಿತು. ಮಿತಭಾಷಿಯಾದ ಅವನು ಗುಟ್ಟೊಂದಿದೆ ಎಂದು ಆಗೀಗ ಸೂಚಿಸುತ್ತಿದ್ದನೇ ಹೊರತು ಬಿಡಿಸಿ ಹೇಳುತ್ತಿರಲಿಲ್ಲ. ಕೊನೆಗೆ 1955ರಲ್ಲಿ ‘ಲೈಫ್’ ಪತ್ರಿಕೆ ಹಣ ಕೊಟ್ಟು ಅದನ್ನು ಪ್ರಕಟಿಸಿತು. ಎಡ ಹೆಬ್ಬೆರಳನ್ನು ಹಿಡಿಕೆಯ ಮೇಲೆ ತುಸು ಪಕ್ಕಕ್ಕೆ ಸರಿಸಿ ಹಿಡಿಯುವುದು; ಕ್ಲಬ್ ಹಿಂದೆ ಹೋಗುವಾಗ ಮುಂಗೈ ತಿರುಗಿಸುವುದು; ಸ್ವಿಂಗಿನ ತುದಿಯಲ್ಲಿ ಎಡ ಮಣಿಕಟ್ಟನ್ನು ಹಿಂದಕ್ಕೆ, ಬಟ್ಟಲಿನಂತೆ ಬಾಗಿಸುವುದು. ಹೀಗೆ ಮಾಡಿದರೆ ಕ್ಲಬ್ಬಿನ ಮುಖ ಎಷ್ಟು ತೆರೆದುಕೊಳ್ಳುತ್ತದೆಂದರೆ ಆಮೇಲೆ ಎಷ್ಟೇ ಬಿರುಸಾಗಿ ಹೊಡೆದರೂ ಮುಚ್ಚಲಾರದು. ಹುಕ್ ಮಾಯವಾಗಿ ಚೆಂಡು ಕೊನೆಯಲ್ಲಿ ತುಸು ಬಲಕ್ಕೆ ಬಾಗಿ ಮೆತ್ತಗೆ ಇಳಿಯುತ್ತದೆ.

ಓದಿದವರಲ್ಲಿ ಬಹಳ ಮಂದಿಗೆ ನಿರಾಸೆಯಾಯಿತು. ಹಲವರು ಅಸಲಿ ಗುಟ್ಟನ್ನು ಬಚ್ಚಿಟ್ಟಿದ್ದಾನೆ ಎಂದು ಗೊಣಗಿದರು. ಆ ಗೊಣಗು ಇಂದಿಗೂ ನಿಂತಿಲ್ಲ. ಅನುಮಾನ ಬಲಗೊಳ್ಳಲು 1957ರಲ್ಲಿ ಬಂದ ‘ಫೈವ್ ಲೆಸನ್ಸ್’ ಪುಸ್ತಕವೂ ಕಾರಣ. ಹರ್ಬರ್ಟ್ ವಾರನ್ ವಿಂಡ್ ಬರವಣಿಗೆಗೆ ನೆರವಾಗಿ, ಆಂಟನಿ ರವಿಯೆಲ್ಲಿ ಚಿತ್ರ ಬರೆದು, ಮೊದಲು ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಕೃತಿ ಅದು. ಆಟಗಾರನ ಕತ್ತು ತೂರಿಬರುವಂತೆ ಭುಜಗಳ ಮೇಲೆ ಓರೆಯಾಗಿ ಒರಗಿಸಿದ ದೊಡ್ಡ ಗಾಜಿನ ಹಲಗೆ, ಅದು ಒಡೆಯದಂತೆ ಅದರಡಿಯಲ್ಲೇ ಆಡಬೇಕಾದ ಕೈಗಳು – ಈ ಚಿತ್ರವನ್ನು ಒಮ್ಮೆ ನೋಡಿದ ಗಾಲ್ಫ್ ಆಟಗಾರ ಮರೆಯಲಾರ. ಆದರೆ ಎರಡು ವರ್ಷ ಹಿಂದೆ ಗುಟ್ಟೆಂದು ಮಾರಿದ ಬಟ್ಟಲು ಮಣಿಕಟ್ಟಿನ ಮಾತು ಪುಸ್ತಕದಲ್ಲಿ ಇರಲಿಲ್ಲ.

ಇದರಲ್ಲಿ ಮೋಸವೇನೂ ಇರಬೇಕಾಗಿಲ್ಲ. ಆ ಗುಟ್ಟು ಹುಕ್ ರೋಗಕ್ಕೆ ಮದ್ದು. ಸಾಮಾನ್ಯ ಆಟಗಾರನ ರೋಗ ಅದರ ತದ್ವಿರುದ್ಧ: ಅವನ ಕ್ಲಬ್ಬಿನ ಮುಖ ಮೊದಲೇ ತೆರೆದಿದ್ದು ಚೆಂಡು ಬಲಕ್ಕೆ ಓಡುತ್ತದೆ. ಹೋಗನ್‌ನ ಮದ್ದು ಕುಡಿದರೆ ಅವನ ಚೆಂಡು ಪಕ್ಕದ ಮೈದಾನ ಸೇರುತ್ತದೆ. ಒಬ್ಬನ ಮೈಯ ಶಕ್ತಿ, ದೋಷ, ಉದ್ದಗಿಡ್ಡ, ಹತ್ತು ವರ್ಷದ ತಪ್ಪುಗಳು – ಇವುಗಳ ನಡುವೆ ಮಾತ್ರ ನಿಜವಾದ ಮಾತು ಅದು. ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ‘ಹದ’. ಕಬ್ಬಿಣ ಹದಕ್ಕೆ ಬಂತು ಎನ್ನುವ ಕಮ್ಮಾರ ಉಷ್ಣಾಂಶ ಹೇಳುವುದಿಲ್ಲ. ಮುಂದಿರುವ ಆ ತುಂಡು, ಆ ಇದ್ದಿಲು, ಅಂದಿನ ಗಾಳಿ ನೋಡಿ ಹೇಳುತ್ತಾನೆ. ಅಳತೆಯನ್ನು ಬರೆದಿಡಬಹುದು. ಹದವನ್ನು ಬರೆಯ ಹೊರಟರೆ ಕೊನೆಗೆ ಉಳಿಯುವುದು ‘ಹದ ನೋಡಿಕೊಂಡು’ ಎಂಬ ಮಾತೇ.

ಇಂಥ ಅರಿವನ್ನು ಆಧುನಿಕ ಪಾಶ್ಚಾತ್ಯ ತತ್ತ್ವಶಾಸ್ತ್ರದ ಚರ್ಚೆಗೆ ತಂದವರಲ್ಲಿ ಆಕ್ಸ್‌ಫರ್ಡಿನ ಗಿಲ್ಬರ್ಟ್ ರೈಲ್ ಮುಖ್ಯ. 1949ರ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಕೃತಿಯಲ್ಲಿ ಆತ, ವಿಷಯ ತಿಳಿದಿರುವುದು ಬೇರೆ, ಮಾಡಲು ತಿಳಿದಿರುವುದು ಬೇರೆ ಎಂದು ವಾದಿಸಿದ. ಪ್ರತಿಯೊಂದು ಜಾಣ ಕೆಲಸದ ಹಿಂದೆ ನಿಯಮವೊಂದನ್ನು ನೆನೆಯುವ ಕ್ರಿಯೆ ಇರಬೇಕೆಂದರೆ, ಸರಿಯಾದ ನಿಯಮವನ್ನು ನೆನೆಯುವುದೂ ಜಾಣ ಕೆಲಸವೇ. ಅದರ ಹಿಂದೆ ಇನ್ನೊಂದು ನೆನೆಕೆ, ಅದರ ಹಿಂದೆ ಮತ್ತೊಂದು – ಕೊನೆಯಿಲ್ಲ. ಎಲ್ಲೋ ಒಂದು ಕಡೆ ನಿಯಮವಿಲ್ಲದೆಯೇ ಕೈ ಕೆಲಸ ಶುರು ಮಾಡಬೇಕು. ಇದಕ್ಕೆ 2001ರಲ್ಲಿ ಜೇಸನ್ ಸ್ಟ್ಯಾನ್ಲಿ ಮತ್ತು ತಿಮೊಥಿ ವಿಲಿಯಮ್ಸನ್ ಎದುರುವಾದ ಹೂಡಿದರು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ವಾಕ್ಯರಚನೆಯನ್ನು ಬಿಡಿಸಿದರೆ ಈಜಲು ತಿಳಿದಿರುವುದೆಂದರೆ ‘ಈಜುವ ಬಗೆ ಇದು’ ಎಂಬ ವಿಷಯವೊಂದನ್ನು ತಿಳಿದಿರುವುದೇ ಆಗಿದೆ ಎಂದರು.

ಈ ವಾದ ಕನ್ನಡದಲ್ಲಿ ಹುಟ್ಟುತ್ತಿತ್ತೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಕನ್ನಡದಲ್ಲಿ ಊರಿನ ದಾರಿ ‘ಗೊತ್ತು’, ಈಜು ‘ಬರುತ್ತದೆ’. ಸೈಕಲ್ ಬರುತ್ತದೆ, ಹೊಲಿಗೆ ಬರುತ್ತದೆ, ತಮಿಳು ಬರುತ್ತದೆ. ‘ಹೇಗೆ ಅಂತ ಗೊತ್ತು, ಆದರೆ ನನಗೆ ಬರಲ್ಲ’ ಎಂದು ಕ್ರಿಕೆಟ್ ನೋಡುವ ಯಾರು ಬೇಕಾದರೂ ಹೇಳುತ್ತಾರೆ. ‘ಹೇಗೆ ಅಂತ ಗೊತ್ತಿಲ್ಲ, ಬರುತ್ತೆ ಅಷ್ಟೆ’ ಎಂದು ದೋಸೆ ತೆಳ್ಳಗೆ ಎರೆಯುವ ಕೈ ಹೇಳುತ್ತದೆ. ಎರಡು ವಾಕ್ಯದಲ್ಲೂ ವಿರೋಧಾಭಾಸವಿಲ್ಲ. ವ್ಯಾಕರಣವನ್ನು ಗಮನಿಸಿದರೆ ಇನ್ನೂ ಒಂದು ಸೂಕ್ಷ್ಮವಿದೆ. ‘ನನಗೆ’ ಎಂಬುದು ಚತುರ್ಥಿ ವಿಭಕ್ತಿ. ಇಲ್ಲಿ ಮನುಷ್ಯ ಕರ್ತೃವಲ್ಲ, ಬಂದದ್ದನ್ನು ಪಡೆದವನು. ನಿದ್ದೆ, ಅಳು, ಸೀನು ಬರುವ ಹಾಗೆಯೇ ಈಜೂ ಬರುತ್ತದೆ. ಭಾಷೆಯ ಬಳಕೆಯೊಂದೇ ತತ್ತ್ವವನ್ನು ಸಾಧಿಸಿಕೊಡದು, ನಿಜ. ಆದರೆ ಇಂಗ್ಲಿಷಿನ ವ್ಯಾಕರಣದಿಂದ ತತ್ತ್ವ ತೆಗೆಯುವುದಾದರೆ ಕನ್ನಡದ ಸಾಕ್ಷಿಯನ್ನೂ ಕೇಳಬೇಕಾಗುತ್ತದೆ, ಮತ್ತು ಅದು ರೈಲ್ ಪಕ್ಷಕ್ಕೇ ನಿಲ್ಲುತ್ತದೆ.

ಹೋಗನ್ ಮಾತ್ರ ಎರಡೂ ಪಕ್ಷಕ್ಕೆ ಸುಲಭವಾಗಿ ಸಿಕ್ಕುವವನಲ್ಲ. ಅವನಿಗೆ ಸ್ವಿಂಗ್ ನಿದ್ದೆಯ ಹಾಗೆ ಬರಲಿಲ್ಲ. ಹೆಬ್ಬೆರಳು ಅರ್ಧ ಅಂಗುಲ ಸರಿಸಿದರೆ ಏನಾಗುತ್ತದೆ ಎಂದು ಊಹಿಸಿ, ಹೊಡೆದು, ನೋಡಿ, ಮತ್ತೆ ಊಹಿಸಿ ಮಾಡಿದ್ದು ಅದು. ಅಲ್ಲಿ ‘ಗೊತ್ತು’ ಮುಂದೆ ನಡೆಯಿತು, ‘ಬರುವುದು’ ಹಿಂದೆ ಬಂತು. ಹಂಗೇರಿಯಲ್ಲಿ ಹುಟ್ಟಿದ ಮೈಕೆಲ್ ಪೊಲಾನ್ಯಿ 1958ರ ಕೃತಿಯಲ್ಲಿ ಹೇಳಿದ ಭೇದ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊಳೆ ಹೊಡೆಯುವವನ ಗಮನ ಮೊಳೆಯ ಮೇಲೆ. ಸುತ್ತಿಗೆ ಹಿಡಿದ ಅಂಗೈಯ ಅನುಭವವೂ ಅವನಿಗೆ ಇದೆ, ಆದರೆ ಅದನ್ನು ಹಾದು ಅವನು ಮೊಳೆಯನ್ನು ನೋಡುತ್ತಾನೆ. ಪಿಯಾನೋ ವಾದಕ ನಡುವೆ ತನ್ನ ಬೆರಳುಗಳ ಮೇಲೆ ಗಮನ ತಿರುಗಿಸಿದರೆ ಬೆರಳು ತಡವರಿಸುತ್ತದೆ. ಹೋಗನ್ ಅಭ್ಯಾಸದ ಬಯಲಿನಲ್ಲಿ ಮಣಿಕಟ್ಟನ್ನು ನೋಡುತ್ತಿದ್ದ, ಪಂದ್ಯದಲ್ಲಿ ಗುರಿಯನ್ನು. ವರ್ಷಗಟ್ಟಲೆ ಗಮನದ ಮುಂದೆ ಇಟ್ಟದ್ದನ್ನು ಗಮನದ ಹಿಂದಕ್ಕೆ ತಳ್ಳುವುದೇ ಅವನ ಅಭ್ಯಾಸವಾಗಿತ್ತು ಎಂದರೆ ಹೆಚ್ಚು ತಪ್ಪಾಗದು.

ಮನೋವಿಜ್ಞಾನಿಗಳಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಗಾಲ್ಫಿನಲ್ಲೇ ಪರೀಕ್ಷಿಸಿತು. ನುರಿತವರಿಗೂ ಹೊಸಬರಿಗೂ ಪಟ್ ಮಾಡಲು, ಅಂದರೆ ಚೆಂಡನ್ನು ಗುಳಿಯತ್ತ ಮೆಲ್ಲಗೆ ಉರುಳಿಸಲು ಹೇಳಿ, ಈಗ ಮಾಡಿದ ಆ ಒಂದು ಹೊಡೆತವನ್ನು ನೆನಪಿನಿಂದ ವಿವರಿಸಿ ಎಂದು ಕೇಳಿದರು. ಪಟ್ ಮಾಡುವುದು ಹೇಗೆಂದು ಸಾಮಾನ್ಯವಾಗಿ ಹೇಳುವುದರಲ್ಲಿ ನುರಿತವರದೇ ಮೇಲುಗೈ. ಆದರೆ ಆಗಷ್ಟೇ ಮಾಡಿದ ಹೊಡೆತದ ನೆನಪು ಅವರಿಗೆ ಹೊಸಬರಿಗಿಂತ ಕಡಿಮೆ. ಸೊಟ್ಟಗೆ ತಿರುಚಿದ ವಿಚಿತ್ರ ಪಟರ್, ಅಂದರೆ ಪಟ್ ಮಾಡುವ ಕ್ಲಬ್, ಕೈಗೆ ಕೊಟ್ಟೊಡನೆ ನುರಿತವರ ನೆನಪೂ ವಿವರವಾಯಿತು. ಕೈ ಪಳಗಿದಷ್ಟೂ ಕೈಯ ಕೆಲಸ ಮನಸ್ಸಿನ ದಾಖಲೆಗೆ ಸಿಕ್ಕುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಪುರಾವೆ ಸಿಗುವುದು ಕಷ್ಟ. ಹಾಗಾದರೆ ‘ಲೈಫ್’ಗೆ ಹೋಗನ್ ಹೇಳಿದ್ದೇನು? ಸ್ವಿಂಗಿನ ಒಳಗಿನ ವರದಿಯನ್ನಲ್ಲ. ಸ್ವಿಂಗನ್ನು ಕಟ್ಟುವಾಗ ಹಾಕಿದ ಅಟ್ಟಣಿಗೆಯ ನೆನಪನ್ನು.

ನರ್ತಕಿಯಾಗಿದ್ದು ಆಮೇಲೆ ತತ್ತ್ವಶಾಸ್ತ್ರಕ್ಕೆ ಬಂದ ಬಾರ್ಬರಾ ಮೊಂಟೆರೊ ಈ ಚಿತ್ರವನ್ನು ಪೂರ್ತಿ ಒಪ್ಪುವುದಿಲ್ಲ. ನಿಜವಾದ ನಿಪುಣರು ಕೆಲಸ ಮಾಡುವಾಗಲೂ ಯೋಚಿಸುತ್ತಾರೆ, ಯೋಚನೆ ಕೆಡಿಸುವುದು ಅರೆಬರೆ ಕಲಿತವರನ್ನು ಎಂಬುದು 2016ರ ಅವರ ಪುಸ್ತಕದ ವಾದ. ಹೋಗನ್ ಈ ವಾದಕ್ಕೆ ಅರ್ಧ ಬೆಂಬಲ ಕೊಡುತ್ತಾನೆ. ಮೈದಾನದಲ್ಲಿ ಅವನ ಲೆಕ್ಕಾಚಾರ ನಿಲ್ಲುತ್ತಿರಲಿಲ್ಲ. ಮೆರಿಯನ್‌ಗೆ ಏಳನೇ ಐರನ್ ಎಂಬ ಕ್ಲಬ್ ಬೇಕಾಗುವುದಿಲ್ಲವೆಂದು ಲೆಕ್ಕ ಹಾಕಿ ಅದನ್ನು ಚೀಲದಿಂದ ತೆಗೆದು ಒಂದನೇ ಐರನ್ ಇಟ್ಟುಕೊಂಡಿದ್ದ. ಆದರೆ ಬಾಳಿನ ಉತ್ತರಾರ್ಧದಲ್ಲಿ ಅವನನ್ನು ಸೋಲಿಸಿದ್ದೂ ಯೋಚನೆಯೇ ಇರಬೇಕು. ಮಕ್ಕಳೂ ಮಾಡಬಲ್ಲ ಸಣ್ಣ ಪಟ್ ಎದುರಿಗಿದ್ದಾಗ ಚೆಂಡಿನ ಮೇಲೆ ಬಾಗಿ ನಿಂತ ಹೋಗನ್‌ಗೆ ಪಟರ್ ಹಿಂದಕ್ಕೆ ಎಳೆಯಲು ಆಗುತ್ತಿರಲಿಲ್ಲ. ಪ್ರೇಕ್ಷಕರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಇನ್ನೊಬ್ಬ ವೃತ್ತಿಪರ ಸ್ಯಾಮ್ ಸ್ನೀಡ್ ಎದುರು ಹ್ಯೂಸ್ಟನ್‌ನಲ್ಲಿ ಟಿವಿಗಾಗಿ ಆಡಿ 1965ರಲ್ಲಿ ಪ್ರಸಾರವಾದ ಪಂದ್ಯದಲ್ಲಿ ಐವತ್ತು ದಾಟಿದ ಅವನು ಒಂದು ಗ್ರೀನ್ ಕೂಡ ತಪ್ಪಿಸಲಿಲ್ಲ. ಪಟ್ ಬರುವ ಹೊತ್ತಿಗೆ ಅದೇ ಮನುಷ್ಯ ಕಲ್ಲಾಗುತ್ತಿದ್ದ. ಅದೇ ಮಿದುಳು, ಅದೇ ಛಲ, ಅದೇ ವಿಶ್ಲೇಷಣೆ. ಒಂದು ಬಂತು, ಇನ್ನೊಂದು ಬಂದದ್ದೂ ಬಿಟ್ಟುಹೋಯಿತು.

ಕೈಗೆಲಸವನ್ನು ಹೇಳಲಾಗದು ಎಂಬ ಮಾತಿಗೆ ಬಹಳ ಹಳೆಯ ಕಥೆಯೊಂದು ಚೀನಾದ ಚುವಾಂಗ್ ತ್ಸು ಹೆಸರಿನ ಗ್ರಂಥದಲ್ಲಿದೆ. ದೊರೆಯೊಬ್ಬ ಸತ್ತ ಜ್ಞಾನಿಗಳ ಪುಸ್ತಕ ಓದುತ್ತಿರುವಾಗ ಗಾಲಿ ಮಾಡುವ ಮುದುಕ ಅದನ್ನು ಬರೀ ಗಷ್ಟು ಎಂದುಬಿಡುತ್ತಾನೆ. ಉಳಿ ನಿಧಾನವಾದರೆ ಜಾರುತ್ತದೆ, ಬಿರುಸಾದರೆ ಕಚ್ಚುತ್ತದೆ. ನಡುವಿನ ಹದ ಕೈಗೆ ಗೊತ್ತು, ಬಾಯಿಗೆ ಬಾರದು. ಮಗನಿಗೂ ಕೊಡಲಾಗಲಿಲ್ಲ, ಎಪ್ಪತ್ತಾದರೂ ತಾನೇ ಗಾಲಿ ಮಾಡುತ್ತಿದ್ದೇನೆ ಎನ್ನುತ್ತಾನೆ. ಕಥೆ ಸೊಗಸಾಗಿದೆ, ಆದರೆ ಮುದುಕ ತುಸು ಅತಿಯಾಗಿ ಹೇಳಿದ. ಹೋಗನ್‌ನ ಪುಸ್ತಕ ಗಷ್ಟಲ್ಲ. ಅದನ್ನು ಓದಿ ಸುಧಾರಿಸಿದವರು ಲೆಕ್ಕವಿಲ್ಲದಷ್ಟು. ಗಾಜಿನ ಹಲಗೆ ಎಂಬ ಚಿತ್ರ ಸ್ವಿಂಗನ್ನು ಕೊಡದು; ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ನಂಬಿಕೆಯೂ ಒಂದಿದೆ: ಸರಿಯಾದ ಸ್ವಿಂಗ್ ಪ್ರತಿಯೊಬ್ಬನೊಳಗೂ ಹುಟ್ಟಿನಿಂದಲೇ ಇದೆ, ಕಲಿಯುವುದೆಂದರೆ ಅದನ್ನು ಮರಳಿ ಕಂಡುಕೊಳ್ಳುವುದು. ಸ್ಟೀವನ್ ಪ್ರೆಸ್‌ಫೀಲ್ಡ್ 1995ರಲ್ಲಿ ಬರೆದ ‘ದಿ ಲೆಜೆಂಡ್ ಆಫ್ ಬ್ಯಾಗರ್ ವಾನ್ಸ್’ ಕಾದಂಬರಿಯ ತಿರುಳು ಇದು. 2000ದಲ್ಲಿ ರಾಬರ್ಟ್ ರೆಡ್‌ಫೋರ್ಡ್ ಅದನ್ನು ಸಿನಿಮಾ ಮಾಡಿದ. ಹೆಸರುಗಳನ್ನು ಬಾಯಿಬಿಟ್ಟು ಓದಿದರೆ ಸಾಕು: ಕ್ಯಾಡಿ ಬ್ಯಾಗರ್ ವಾನ್ಸ್ ‘ಭಗವಾನ್’, ಆಡಲೊಲ್ಲೆನೆಂದು ಕುಸಿದ ಆಟಗಾರ ಆರ್. ಜುನಾ ‘ಅರ್ಜುನ’. ಭಗವದ್ಗೀತೆ ಗಾಲ್ಫ್ ಮೈದಾನಕ್ಕೆ ಬಂದ ಬಗೆ ಇದು. ಗೀತೆಯ ಎರಡನೆಯ ಅಧ್ಯಾಯ ಯೋಗವನ್ನು ಕರ್ಮದಲ್ಲಿನ ಕೌಶಲ ಎಂದು ಕರೆಯುವುದರಿಂದ ಆಟಕ್ಕೂ ಅದಕ್ಕೂ ನೆಂಟಸ್ತನ ಹುಡುಕುವುದು ಸುಲಭ. ಕಚೇರಿಯ ಗೋಡೆಗಳ ಮೇಲೂ ಆ ಮಾತನ್ನು ಚೆನ್ನಾಗಿ ಕೆಲಸ ಮಾಡಿ ಎಂಬ ಅರ್ಥದಲ್ಲಿ ತೂಗುಹಾಕುವುದುಂಟು. ಶಂಕರರ ಭಾಷ್ಯ ಹೇಳುವುದು ಬೇರೆ. ಬಂಧಿಸುವ ಸ್ವಭಾವದ ಕರ್ಮ, ಸಮತ್ವಬುದ್ಧಿಯಿಂದ ಮಾಡಿದಾಗ ಆ ಸ್ವಭಾವವನ್ನು ಕಳಚಿಕೊಳ್ಳುತ್ತದೆ. ಅಲ್ಲಿನ ಕೌಶಲ ಎಂದರೆ ಅದು. ಬಾಣ ಗುರಿಗೆ ತಾಕಿತೇ ಇಲ್ಲವೇ ಎಂಬುದು ಅದರ ಅಳತೆಗೋಲಲ್ಲ. ಹುಕ್ ಹೊಡೆದೂ ಸಮಚಿತ್ತನಾಗಿರುವವನು ಗೀತೆಯ ಅರ್ಥದಲ್ಲಿ ಕುಶಲನಾಗಬಹುದು. ಹೋಗನ್ ಆ ಬಗೆಯವನಾಗಿರಲಿಲ್ಲ.

ಹುಟ್ಟಿನ ಸ್ವಿಂಗ್ ಎಂಬ ಕಲ್ಪನೆಗೂ ಹೋಗನ್ ಅಡ್ಡ ಬರುತ್ತಾನೆ. ‘ಸಹಜ’ ಪದದ ಮೂಲಾರ್ಥ ಜೊತೆಗೆ ಹುಟ್ಟಿದ್ದು. ಅವನ ಜೊತೆಗೆ ಹುಟ್ಟಿದ್ದು ಹುಕ್.  ನೋಡುವವರು ಎಷ್ಟು ಸಹಜ ಎಂದು ಮೆಚ್ಚಿದ ಸ್ವಿಂಗ್ ಕಟ್ಟಿದ್ದು, ಬೆಸುಗೆ ಕಾಣದಂತೆ ಕಟ್ಟಿದ್ದು.

ಆ ಕಟ್ಟಡ ಎಷ್ಟು ಗಟ್ಟಿ ಎಂಬ ಪರೀಕ್ಷೆ 1949ರ ಫೆಬ್ರುವರಿ 2ರಂದು ಬಂತು. ಟೆಕ್ಸಸ್‌ನ ವ್ಯಾನ್ ಹಾರ್ನ್ ಹತ್ತಿರ ಮಂಜಿನಲ್ಲಿ ಎದುರಿನಿಂದ ಬಂದ ಬಸ್ಸು ಕಾರಿಗೆ ಅಪ್ಪಳಿಸಿತು. ಹೆಂಡತಿ ವ್ಯಾಲರಿಯನ್ನು ಕಾಪಾಡಲು ಹೋಗನ್ ಅವಳ ಮೇಲೆ ಅಡ್ಡ ಬಿದ್ದ. ಸ್ಟಿಯರಿಂಗ್ ಕಂಬ ಅವನ ಸೀಟನ್ನು ತೂರಿಹೋಯಿತು. ಸೊಂಟದ ಮೂಳೆ, ಕೊರಳೆಲುಬು, ಎಡ ಕಣಕಾಲು ಮುರಿದವು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವ ಭಯದಿಂದ ವೈದ್ಯರು ಕಾಲುಗಳಿಂದ ರಕ್ತ ತರುವ ಮಹಾಸಿರೆಯನ್ನೇ ಕಟ್ಟಿಬಿಟ್ಟರು. ಮುಂದೆ ಬದುಕಿರುವವರೆಗೂ ನಡೆದಷ್ಟು ಕಾಲು ಊದುತ್ತಿತ್ತು. ಸೊಂಟದಿಂದ ಶುರುವಾಗುವ ಸ್ವಿಂಗಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇರಲಾರದು. ಆದರೂ ಹದಿನಾರು ತಿಂಗಳಿಗೆ ಅವನು ಮೆರಿಯನ್‌ನಲ್ಲಿದ್ದ. ಅಂದಿನ ಯು.ಎಸ್. ಓಪನ್ ಪಂದ್ಯದ ಕೊನೆಯ ದಿನ ಒಂದೇ ದಿನಕ್ಕೆ 36 ಹೋಲ್. ಕಾಲಿಗೆ ಪಟ್ಟಿ ಸುತ್ತಿಕೊಂಡು, ಕೊನೆಯಲ್ಲಿ ಕಾಲೆಳೆಯುತ್ತ, ಹದಿನೆಂಟನೇ ಹೋಲಿನಲ್ಲಿ ಒಂದನೇ ಐರನ್ ಎತ್ತಿಕೊಂಡ. ಸಾಧಾರಣ ಆಟಗಾರರು ಮುಟ್ಟಲೂ ಹೆದರುವ ಚಪ್ಪಟೆ ಕ್ಲಬ್ ಅದು. ಚೆಂಡು ಗ್ರೀನ್ ಮೇಲೆ ನಿಂತಿತು, ಎರಡು ಪಟ್‌ಗಳಲ್ಲಿ ಮುಗಿಸಿ ಸಮ ಮಾಡಿಕೊಂಡ. ಮಾರನೆಯ ದಿನದ ಪ್ಲೇ-ಆಫ್‌ನಲ್ಲಿ 69 ಹೊಡೆತಗಳಲ್ಲಿ ಮುಗಿಸಿ ಲಾಯ್ಡ್ ಮ್ಯಾಂಗ್ರಂ ಮತ್ತು ಜಾರ್ಜ್ ಫಾಜಿಯೊ ಇಬ್ಬರನ್ನೂ ಸೋಲಿಸಿದ. ಮೇಜರ್ ಎಂದು ಕರೆಯುವ ಅತಿ ದೊಡ್ಡ ಪಂದ್ಯಾವಳಿಗಳಲ್ಲಿ ಅವನ ಒಂಬತ್ತು ಗೆಲುವುಗಳ ಪೈಕಿ ಆರು ಅಪಘಾತದ ನಂತರದವು. 1953ರಲ್ಲಿ ಮಾಸ್ಟರ್ಸ್, ಯು.ಎಸ್. ಓಪನ್, ಕಾರ್ನೂಸ್ಟಿಯ ಬ್ರಿಟಿಷ್ ಓಪನ್ ಮೂರನ್ನೂ ಗೆದ್ದ.

ಮೈ ಬದಲಾದರೂ ಸ್ವಿಂಗ್ ಉಳಿಯಿತು ಎಂಬುದು ಅರ್ಥ ಮಾಡಿಕೊಳ್ಳಬೇಕಾದ ಸಂಗತಿ. ಬರೀ ಸ್ನಾಯುವಿನ ರೂಢಿಯಾಗಿದ್ದರೆ ಮುರಿದ ಮೂಳೆಯೊಂದಿಗೆ ಅದೂ ಮುರಿಯಬೇಕಿತ್ತು. ಬರೀ ತಲೆಯ ವಿಷಯವಾಗಿದ್ದರೆ ಅಷ್ಟು ತಿಂಗಳ ಕಷ್ಟವಿಲ್ಲದೆ ಮರಳಬೇಕಿತ್ತು. ಹೋಗನ್ ತಿಳಿದದ್ದನ್ನು ಹಿಡಿದುಕೊಂಡು, ಹೊಸ ಮೈಗೆ ತಕ್ಕ ಹದವನ್ನು ಮೊದಲಿನಿಂದ ಹುಡುಕಿದ.

ಮೆರಿಯನ್‌ನ ಆ ಒಂದನೇ ಐರನ್ ಆಗಲೇ ಕಳವಾಯಿತು. ಸುಮಾರು ಮೂರು ದಶಕದ ಮೇಲೆ, 1983ರಲ್ಲಿ, ಹಳೆಯ ಕ್ಲಬ್‌ಗಳ ವ್ಯಾಪಾರದಲ್ಲಿ ಮತ್ತೆ ಕಾಣಿಸಿಕೊಂಡು ಹೋಗನ್‌ನ ಕೈ ಸೇರಿತು. ತನ್ನದೇ ಎಂದು ಅವನು ಗುರುತಿಸಿದ. ಈಗ ಅದು ನ್ಯೂಜೆರ್ಸಿಯಲ್ಲಿ ಅಮೆರಿಕದ ಗಾಲ್ಫ್ ಸಂಘದ ವಸ್ತುಸಂಗ್ರಹಾಲಯದಲ್ಲಿದೆ. ಕ್ಲಬ್ಬಿನ ಉಳಿದ ಮುಖವೆಲ್ಲ ಹೆಚ್ಚುಕಡಿಮೆ ಇದ್ದಂತೆಯೇ ಇದ್ದು, ಚೆಂಡು ತಾಕುವ ಒಂದೇ ಜಾಗದಲ್ಲಿ ನಾಣ್ಯದಷ್ಟು ಅಗಲಕ್ಕೆ ಉಕ್ಕು ಸವೆದಿದೆ.